ಮೊಳಕಾಲ್ಮೂರು ಗುಡ್ಡದ ದರೋಡೆ ನೊಣ

ಸಾಕು ಬಿಡು ರೂಪ, ನಿನಗ್ಯಾಕೆ ಈ ಉಸಾಬರಿ... ಕಾಫಿ ತೋಟದ ಹುಳದ ಮೇಲೆ ಎಂ.ಎಸ್ಸಿ. ಮಾಡ್ದೋಳು ನೀನು, ಹುಳ ಹಿಡಿದು ತಿನ್ನೋ ಈ ದರೋಡೆ ನೊಣ ಯಾವ ಜಾತಿ ಅಂತ ಈ ಮಹಾಂತೇಶನಿಗೆ ಹೇಳಿಕೊಡ್ತೀಯಾ? ಇದೇ ಚಳ್ಳಕೆರೆ ಕಾಲೇಜಿನಾಗೆ ನೀನು ಡಿಗ್ರಿ ಓದುವಾಗ್ಲೇ ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ನೆನಪೈತಾ?

ಯಾಕೆ ನಗ್ತೀಯಾ? ಹೂಂ, ಮಲೆನಾಡಿನ ನೊಣವೇ. ನಾನೆಲ್ಲಿ ಇಲ್ಲ ಅಂದೆ. ಮುಖದ ತುಂಬ ಹಳದಿ ಗಡ್ಡ, ಕೆಂಪು ತೊಡೆ, ರೆಕ್ಕೆ ತುದಿ ಕಪ್ಪು... ಪುಸ್ತಕದಾಗೆ ಇರೋದೂ ಹಂಗೇ. ಇಲ್ಲೀತನಕ ಮಲೆನಾಡು ಬಿಟ್ಟು ಎಲ್ಲೂ ಸಿಕ್ಕಿಲ್ಲ. ಅದು ನಮ್ಮ ಮೊಳಕಾಲ್ಮೂರು ಗುಡ್ಡದಾಗೆ, ಬಳ್ಳಾರಿ ಜಾಲಿ ಮಧ್ಯೆ ಸಿಕ್ತು ಅಂದ್ರೆ ಅದೇ ಅಲ್ವೇನಮ್ಮಾ ಸುದ್ದಿ? ಅದಕ್ಕೇ ತಾನೇ ಲೇಖನ ಬರ್ದಿರೋದು.

ನಿನಗೆ ಸಿಗಲಿಲ್ಲ, ಅದು ಹೊಟ್ಟೆಉರಿ. ರಾಂಪುರದಿಂದ ಬಸ್ಸು ಹತ್ತಿ ವಾರವಾರ ಅದೇ ಗುಡ್ಡ ಸುತ್ತಿದೆ... ಏನು ತಂದೆ? ಮಿಡತೆ. ನಾನು ಒಂದೇ ದಿನ ಹೋದೆ, ಬೇಟೆ ಸಮೇತ ಹಿಡಿದೆ. ಬಲೆ ಬೀಸೋಕೂ ಕೈಗುಣ ಬೇಕು. ಆದ್ರೂ ದೊಡ್ಡ ಮನಸ್ಸು ಮಾಡಿ ನಿನ್ನ ಹೆಸರು ಸೇರಿಸೀನಿ. ಗುಡ್ಡ ಬಲ್ಲೋಳು ನೀನು ಹೂಂ ಅನ್ನದೆ ಪತ್ರಿಕೆಯೋರು ಲೇಖನ ತಗೊಳ್ಳಲ್ಲ. ಅದೊಂದು ಅನ್ನು, ಈಗಲೇ ಕಳಿಸ್ತೀನಿ.

ದಸರಾ ರಜೆನಾಗಾ? ಮೂಡಿಗೆರೆಗೆ, ಬೀಗರ ಮನೆಗೆ ಹೋಗಿದ್ದೆ. ಅವರ ತೋಟದ ಕಾಫಿ ಕುಡಿದೆ, ಮಲಗಿದೆ, ಬಂದೆ. ಅದನ್ನೂ ನಿನಗೆ ಒಪ್ಪಿಸ್ಬೇಕಾ? ಬಂದ ಮೇಲೆ ಗುಡ್ಡಕ್ಕೆ ಹೋದೆ. ಹೋದೆ ಅಂದ್ರೆ ಹೋದೆ.

ತಗೋ ಭೂತಗನ್ನಡಿ, ಕಣ್ಣಾರೆ ನೋಡು. ಗಡ್ಡ ನೋಡು, ತೊಡೆ ನೋಡು... ಅಲ್ಲ, ಎಲ್ಲಿ ನೋಡ್ತಿದ್ದೀಯಾ? ನೊಣ ಮೇಲೈತೆ. ಕಾಲಾಗೆ ಅಪ್ಪಿ ಹಿಡಿದಿರೋದು ಅದರ ಊಟ, ಯಾವುದೋ ದುಂಬಿ. ಬೇಟೆ ಸಮೇತ ಸಿಕ್ಕರೆ ಎರಡನ್ನೂ ಒಟ್ಟಿಗೇ ಸೂಜಿಗೆ ಹಾಕಿಡೋದು ಪದ್ಧತಿ, ಅದಕ್ಕೆ ಇಟ್ಟೀನಿ. ಅಷ್ಟೇ.

ಯಾಕೆ ಅಷ್ಟು ಹೊತ್ತು... ಕಪ್ಪು ಮೈ, ಬಿಳಿ ಪಟ್ಟಿ, ಅಂಥ ದುಂಬಿ ಎಲ್ಲಾ ಕಡೆ ಇರ್ತಾವೆ. ರೂಪ? ಸಾಕು, ನೊಣ ನೋಡು. ಕಾಂಡಕೊರಕ ಅಂದ್ರೆ ಕಾಫಿ ಗಿಡದಾಗೇ ಇರ್ಬೇಕು ಅಂತ ಯಾರು ಹೇಳಿದ್ರು ನಿನಗೆ...

ಈಗ ನೀನೇ ಅಂದ್ಯಲ್ಲಮ್ಮಾ, ಕಾಂಡಕೊರಕ ಅಂತ?

ಅನ್ನಲಿಲ್ವಾ... ನಾನೇನಾ ಅಂದಿದ್ದು...

ಭೂತಗನ್ನಡಿ ಇಲ್ಲಿ ಕೊಡಮ್ಮಾ.