ಅಮ್ಮನ ಫೋಟೋ ದೊಡ್ಡದು ಮಾಡಿದ್ದು

ಅಷ್ಟು ಹತ್ತಿರ ಹೋಗ್ಬೇಡಕ್ಕಾ! ಗೋಡೆಗೆ ಹಾಕೋ ಫೋಟೋನ ಯಾರಾದ್ರೂ ಮೂಗು ತಾಗಿಸಿ ನೋಡ್ತಾರಾ? ಹಿಂದೆ ಬಾ... ಇನ್ನೂ ಹಿಂದೆ. ಹಾಂ, ಆ ಸ್ಟೂಲ್ ಹತ್ರ. ಈಗ ಹೇಳು. ಅಮ್ಮ ಅಲ್ವಾ? ಅಮ್ಮನೇ!

ಯಾಕೆ ನಗ್ತೀಯ? ಓ... ಅಮ್ಮ ನೆಟ್ಟಗೆ ಕ್ಯಾಮೆರಾ ನೋಡಿದ್ದಾಳೆ ಅಂತಾನಾ? ಅದೂ ನಿಜ. ಮಗ ಸ್ಟುಡಿಯೋ ಇಟ್ಕೊಂಡು ಊರವರಿಗೆಲ್ಲ 'ಗಲ್ಲ ಎತ್ತಿ' ಅಂತಾನೆ, ಅವಳು ಮಾತ್ರ ಕ್ಯಾಮೆರಾ ಕಂಡ್ರೆ ಅಡುಗೆಮನೆಗೆ ಓಡೋಳು. ಅವಳು ಹೋದ್ಮೇಲೆ ಹುಡುಕಿದ್ರೆ ಇರೋದು ಇದೊಂದೇ. ನೀನು ಮೊಬೈಲಲ್ಲಿ ತೆಗೆದದ್ದು. ಆ ಮೊಬೈಲನ್ನ ನೀನು ಬಕೆಟ್ಟಲ್ಲಿ ಮುಳುಗಿಸ್ದೆ. ಬೈತಿಲ್ಲ, ಹೇಳ್ದೆ ಅಷ್ಟೆ. ಅದಕ್ಕೆ ಮೊದ್ಲೇ ಈ ಕಂಪ್ಯೂಟರಿಗೆ ಇಳಿಸ್ಕೊಂಡಿದ್ದೆ, ಬಚಾವ್.

ಆಸ್ಪತ್ರೆ ಕಾರ್ಡಿಗಾ? ಹೂಂ, ಅದಕ್ಕೂ ಇದನ್ನೇ ಹಾಕಿದ್ದು. ಐವತ್ತು ಕೆಬಿ ಒಳಗಿರ್ಬೇಕು ಅಂದ್ರು, ಉಗುರಿನಷ್ಟು ಮಾಡಿ ಕಳಿಸ್ದೆ. ಅದರ ಮಾತು ಯಾಕೀಗ? ಚಿಕ್ಕದು ಮಾಡೋದು ಕಣ್ಮುಚ್ಕೊಂಡು ಮಾಡೋ ಕೆಲ್ಸ. ಚಿಕ್ಕದನ್ನ ದೊಡ್ಡದು ಮಾಡೋದಿದ್ಯಲ್ಲ... ಬರೀ ಚೌಕ ಚೌಕ. ಬಚ್ಚಲಮನೆ ಟೈಲ್ಸ್ ಥರ. ಮೂಗು ಯಾವುದು, ಬಾಯಿ ಯಾವುದು ಗೊತ್ತಾಗಲ್ಲ. ಬೇರೆಯವರ ಫೋಟೋ ವಿಷಯ ಹೇಳ್ತಿದ್ದೀನಿ! ನಮ್ದಕ್ಕೆ ಏನೂ ಆಗಿಲ್ಲ.

ಮೊದಲಿನದ್ದಾ? ಇದೇ... ಇದೇ ಮೊದಲಿನದ್ದು. ಸೇವ್ ಮಾಡೋವಾಗ ಬೇರೆ ಹೆಸರು ಕೊಡ್ಬೇಕು, ಈ ಕೆಲಸದಲ್ಲಿ ಮೊದಲನೇ ಪಾಠ ಅದು. ಇಲ್ದಿದ್ರೆ ಚಿಕ್ಕದು ಹೋಗಿ ದೊಡ್ಡದರ ಜಾಗದಲ್ಲಿ ಕೂತ್ಬಿಡತ್ತೆ, ದೊಡ್ಡದು ಮಾಯ. ನಾನು ಹಾಗೆ ಮಾಡ್ತೀನಾ?

ಕಣ್ಣು? ಕಣ್ಣಿಗೇನಾಗಿದೆ? ನಿನ್ನ ಕಣ್ಣಿನ ಹಾಗಿದ್ಯಾ? ಇರ್ಲೇಬೇಕಲ್ಲ, ಮಗಳು! ನೀನು ಅಮ್ಮನ ಪಡಿಯಚ್ಚು ಅಂತ ಎಲ್ರೂ...

ಎಲ್ಲಿಗೆ ಹೊರಟೆ? ಅದು ಗಿರಾಕಿಗಳು ತಲೆ ಬಾಚ್ಕೊಳ್ಳೋ ಕನ್ನಡಿ, ಮಸುಕಾಗಿದೆ, ಏನೂ ಕಾಣ್ಸಲ್ಲ. ಬಾ ಈಚೆ. ಯಾಕೆ ಹುಬ್ಬು ಮುಟ್ಕೋತಿದ್ದೀಯ?

ಅಕ್ಕಾ?

ಅಯ್ಯೋ... ಆ ಗಾಯ.

ಚಿಕ್ಕವರಿದ್ದಾಗ ನೀನು ಬಾಗಿಲಿಗೆ ಬಡಿದು ಬಿದ್ದಿದ್ದು. ನಾನು ತಳ್ಳಿದ್ದಲ್ಲ... ಸರಿ, ತಳ್ಳಿದ್ದೇ. ಅಮ್ಮನ ಹುಬ್ಬಲ್ಲಿ ಗಾಯ ಇರ್ಲಿಲ್ಲ ಅಲ್ವಾ? ಇರ್ಲಿಲ್ಲ. ಊರವರ ಮೊಡವೆ, ಮಚ್ಚೆ ಎಲ್ಲ ಅಳಿಸೋನಿಗೆ ಇದೊಂದು ಕಾಣ್ಸ್ಲೇ ಇಲ್ಲ ನೋಡು. ನಿನ್ನ ಪಾಸ್‌ಪೋರ್ಟ್ ಫೋಟೋದ್ದು... ಕಣ್ಣು, ಹುಬ್ಬು, ಸ್ವಲ್ಪ ಹಣೆ. ಬಾಯಿ ಮಾತ್ರ ಹೊಂದ್ಲಿಲ್ಲ. ನೀನು ಅವಳ ಥರ ನಗಲ್ಲ.

ಅಕ್ಕಾ, ಬೈಯಿ. ಬೇಕಾದ್ರೆ ನೀನೂ ಒಂದ್ಸಲ ತಳ್ಳು.

ಅಳಿಸ್ತೀನಿ ಗಾಯಾನ, ಈಗ್ಲೇ... ಬೇಡ್ವಾ? ಮತ್ತೇನು? ನಿಜವಾದದ್ದಾ?

ಇದೆ. ಆಸ್ಪತ್ರೆಗೆ ಕಳಿಸಿದ್ದು, ಉಗುರಿನಷ್ಟೇ ಉಳಿದಿದೆ. ತಾಳು... ಇಗೋ, ಈ ಮೂಲೇಲಿ. ಕಾಣ್ತಾ? ಹತ್ತಿರ ಬಾ. ಇನ್ನೂ ಹತ್ತಿರ. ಇದನ್ನ ಮೂಗು ತಾಗಿಸಿಯೇ ನೋಡ್ಬೇಕು.