ಬಿಟ್ಟುಹೋದ ಐದು

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದ ದರ್ಜಿ ಹೆಂಗಸಿನ ಪಕ್ಕದಲ್ಲೇ ಬಡಗಿಯೊಬ್ಬ ತನ್ನ ತಂಗಿಯೊಡನೆ ಗುಸುಗುಟ್ಟುತ್ತಿದ್ದ.

"ಅಣ್ಣಾ, ಅಮ್ಮನ ಗಾಲಿಕುರ್ಚಿ ಹೋಗೋಕೆ ಬಾಗಿಲು ಆರುನೂರೈವತ್ತು ಮಿಲಿಮೀಟರ್ ಅಗಲ ಬೇಕು ಅಂತ ನಾನು ಬರ್ಕೊಟ್ಟಿದ್ನಲ್ಲ?"

"ಹೂಂ, ಸಾವಿರದಿಂದ ಭಾಗಿಸಿ ಮೀಟರ್ ಮಾಡ್ಕೊಂಡೆ. ಸೊನ್ನೆ ಪಾಯಿಂಟ್ ಆರು ಐದು."

"ಮತ್ತೆ ಬಾಗಿಲು ಯಾಕೆ ಅರವತ್ತೇ ಸೆಂಟಿಮೀಟರ್ ಇದೆ?"

"ಕೊನೇ ಐದು ಬಿಟ್ಟೆ. ಮೀಟರ್ ಲೆಕ್ಕದಲ್ಲಿ ಅದೇನು ಮಹಾ ಅಂತ."

"ಅದು ಐದು ಸೆಂಟಿಮೀಟರ್ ಕಣಣ್ಣಾ! ಚಕ್ರ ಹೇಗೆ ತೂರುತ್ತೆ?"

"ಚೌಕಟ್ಟಿನ ಸಿಮೆಂಟೂ ಒಣಗಿಹೋಗಿದೆ."

ದರ್ಜಿಯ ಕೈ ಅವಳಿಗರಿವಿಲ್ಲದೆ ಕೊರಳಿನ ಟೇಪಿಗೆ ಹೋಯಿತು.

ಅಷ್ಟರಲ್ಲಿ ನರ್ಸ್ ಅವರ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಳು.

"ನನ್ನ ಕೋಣೆಗೆ ಹೊಸ ಬಾಗಿಲಂತೆ," ಎಂದು ಅಮ್ಮ ಮಗನ ಕೈ ಹಿಡಿದಳು. "ನೀನೇ ಅಳೆದಿದ್ದು ಅಂದ್ಮೇಲೆ ನನಗೇನು ಚಿಂತೆ?"

ಬಡಗಿ ಕುರ್ಚಿಯನ್ನು ಆದಷ್ಟು ನಿಧಾನವಾಗಿ ತಳ್ಳಿಕೊಂಡು ಹೋದ.