ಹೊಸ ಬಣ್ಣದ ತೊಲೆ

ನಾನು, ಎಲ್ಲರೂ ಪುಟ್ಟಿ ಮೇಸ್ತ್ರಿ ಎಂದು ಕರೆಯುವವನು, ವಯಸ್ಸು 47 ವರ್ಷ, ಗಾರೆ ಮತ್ತು ಬಣ್ಣದ ಕೆಲಸ, ವಾಸ ಬೇಕರಿ ಹಿಂದಿನ ಎರಡನೇ ಅಡ್ಡರಸ್ತೆ, ಹಸಿರು ಗೇಟಿನ ಮನೆ. ಪುಟ್ಟಿ ಎಂದರೆ ಹೆಣ್ಣುಮಗುವನ್ನು ಕರೆಯುವ ಪುಟ್ಟಿ ಅಲ್ಲ, ಗೋಡೆಗೆ ಹಚ್ಚುವ ಪುಟ್ಟಿ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಮುಖ್ಯ ಪೇದೆಯವರಿಗೆ ಮೊದಲೇ ಹೇಳಿದ್ದೇನೆ. ಈ ಮೂಲಕ ತಿಳಿಸುವುದೇನೆಂದರೆ:

ಒಂಬತ್ತು ವರ್ಷದಿಂದ ನಾನು ಒಬ್ಬ ಮನೆ ವ್ಯಾಪಾರಿಯ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ. ಅವರನ್ನು ನಾವು ಯಜಮಾನರು ಎನ್ನುತ್ತೇವೆ. ಸಾಲ ತೀರಿಸಲಾಗದವರ ಮನೆಗಳನ್ನು ಬ್ಯಾಂಕಿನವರು ಜಪ್ತಿ ಮಾಡಿ ಹರಾಜಿಗೆ ಇಡುತ್ತಾರೆ. ಯಜಮಾನರು ಅವನ್ನು ಕೊಂಡು, ಮೂರು ವಾರದಲ್ಲಿ ರಿಪೇರಿ ಮಾಡಿಸಿ, ಹೊಸದರ ಹಾಗೆ ಮಾರುತ್ತಾರೆ. ಅವರ ಬಳಿ ಕೆಲಸದವರ ಎರಡು ತಂಡಗಳಿವೆ. ಒಂದು ತಂಡ ಮುಗಿಸಿದ ಮನೆಯೊಳಗೆ ಇನ್ನೊಂದು ತಂಡವನ್ನು ಬಿಡುವುದಿಲ್ಲ. ಹೀಗೇಕೆ ಎಂದು ನಾನು ಯಾವತ್ತೂ ಕೇಳಿದವನಲ್ಲ.

ಹೋದ ವರ್ಷ ನಾನೂ ನನ್ನ ಹೆಂಡತಿಯೂ ಮನೆ ಕೊಳ್ಳಲು ಹೊರಟೆವು. ಅವಳು ಹೊಲಿಗೆ ಕೆಲಸದವಳು. ಮೊದಲು ನೋಡಿದ್ದು ಬ್ಯಾಂಕಿನಿಂದ ನೇರವಾಗಿ ಸಿಗುತ್ತಿದ್ದ ಮನೆ. ಕಿಟಕಿ ಗಾಜು ಒಡೆದಿತ್ತು, ನಲ್ಲಿಗಳನ್ನು ಯಾರೋ ಕಿತ್ತೊಯ್ದಿದ್ದರು, ಬಾಗಿಲ ಮೇಲೆ ನೋಟಿಸು ಹಾಗೇ ಇತ್ತು. ನಾನು ಗೋಡೆಗಳನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿದು ನೋಡಿ, ಮೈ ಕೊಳಕಾಗಿದ್ದರೂ ಮೂಳೆ ಗಟ್ಟಿ ಇದೆ, ಇದನ್ನೇ ತಗೊಳ್ಳೋಣ, ರಜೆ ದಿನಗಳಲ್ಲಿ ನಾನೇ ಸರಿ ಮಾಡ್ತೀನಿ ಎಂದೆ. ಅದಕ್ಕವಳು, ನಿಮ್ಮ ರಜೆ ದಿನ ನನಗೆ ಗೊತ್ತಿಲ್ವೇನ್ರೀ, ಬಾಡಿಗೆ ಮನೆ ಬಚ್ಚಲ ಬಾಗಿಲು ಆರು ವರ್ಷದಿಂದ ಬರೀ ಪ್ರೈಮರ್‌ನಲ್ಲೇ ನಿಂತಿದೆ, ಊರವರ ಗೋಡೆಗೆಲ್ಲ ನುಣುಪು, ನನ್ನ ಗೋಡೆಗೆ ಬರೀ ಮಾತು, ನನಗೆ ರೆಡಿ ಇರೋ ಮನೆ ಕೊಡಿಸಿ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದ್ದರಿಂದ ಯಜಮಾನರ ಎರಡನೇ ತಂಡ ರಿಪೇರಿ ಮಾಡಿದ್ದ ಈಗಿನ ಮನೆಯನ್ನು ನೋಡಿದೆವು. ಹಾಲ್‌ನಲ್ಲಿ ಹದಿನಾಲ್ಕು ಅಡಿ ಉದ್ದದ ಮರದ ತೊಲೆ ಇತ್ತು, ಕಂದು ಬಣ್ಣ ಹೊಡೆದಿದ್ದರು. ಹೆಂಡತಿ ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆಗೆದು ಮುಚ್ಚಿ ನಗುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ಯಜಮಾನರನ್ನು, ತೊಲೆ ಹೇಗಿದೆ ಎಂದು ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ, ನೀನು ನನ್ನ ಆಳು ಕಣಯ್ಯ, ನಿನಗೇ ಟೋಪಿ ಹಾಕ್ತೀನಾ ಎಂದರು. ನಾನು ಏಣಿ ತರಿಸಲಿಲ್ಲ, ಬಡಿದೂ ನೋಡಲಿಲ್ಲ. ಬೇರೆಯವರಿಗೆ ಹಾಕುವ ಟೋಪಿ ನನ್ನ ತಲೆಗೆ ಬರುವುದಿಲ್ಲ ಎಂದು ನಂಬಿದ ದಡ್ಡ ನಾನು.

ಹನ್ನೊಂದು ತಿಂಗಳು ಅಲ್ಲಿ ವಾಸವಿದ್ದೆವು. ದಿನಾಂಕ 12ರ ಭಾನುವಾರ ಸಂಜೆ 4 ಗಂಟೆ 10 ನಿಮಿಷಕ್ಕೆ ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. ಹೆಂಡತಿ ಹಾಲ್‌ನಲ್ಲಿ, ನನ್ನಿಂದ ಸುಮಾರು ಹನ್ನೆರಡು ಅಡಿ ದೂರದಲ್ಲಿ, ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ರೀ, ಮೇಲಿಂದ ಏನೋ ಉದುರ್ತಿದೆ ನೋಡಿ ಬನ್ನಿ ಎಂದು ಕರೆದಳು. ಬಂದೆ ಇರು ಎಂದು ಇನ್ನೊಂದು ಲೋಟಕ್ಕೆ ಸೋಸಿದೆ. ಅಷ್ಟರಲ್ಲಿ ತೊಲೆಯ ಒಂದು ತುದಿ ಗೋಡೆಯಿಂದ ಕಳಚಿ ಅವಳ ಬೆನ್ನ ಮೇಲೆ ಬಿತ್ತು. ಪಕ್ಕದ ಮನೆಯವರು ಮೂರು ಜನ ಬಂದ ಮೇಲೆಯೇ ಎತ್ತಲು ಆಯಿತು.

ಎತ್ತುವಾಗ ನನ್ನ ಕೈ ತೊಲೆಯ ತುದಿಯೊಳಕ್ಕೆ ಹೋಯಿತು. ಒಂದೂವರೆ ಅಡಿಯಷ್ಟು ಮರವನ್ನು ಗೆದ್ದಲು ತಿಂದಿತ್ತು. ಆ ಪೊಳ್ಳಿಗೆ ಗೋಣಿಚೀಲ ತುರುಕಿ, ಮರದ ಪುಡಿ ಮತ್ತು ಅಂಟು ಮೆತ್ತಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದಿದ್ದರು. ಯಾರು ಮಾಡಿದ್ದು ಎಂದು ನನಗೆ ತಿಳಿಯದು. ಹೇಗೆ ಮಾಡುತ್ತಾರೆಂಬುದು ಚೆನ್ನಾಗಿ ತಿಳಿದಿದೆ, ಏಕೆಂದರೆ ನಾನೂ ಹಾಗೇ ಮಾಡುತ್ತೇನೆ.

ಅದೇ ದಿನ ಸಂಜೆ 6.30ಕ್ಕೆ ಯಜಮಾನರು ಆಸ್ಪತ್ರೆಗೆ ಹಣ್ಣು ತಂದರು. ಬಾಯಿ ಬಿಡಬೇಡ, ಎಲ್ಲಾ ನಾನು ನೋಡ್ಕೋತೀನಿ ಎಂದರು. ನಮ್ಮ ಕೆಲಸದಲ್ಲಿ ಬಿರುಕಿಗೆ ಬಾಯಿ ಬಿಟ್ಟಿದೆ ಎನ್ನುತ್ತೇವೆ, ಅದನ್ನು ಮೆತ್ತುವುದಕ್ಕೆ ಬಾಯಿ ಮುಚ್ಚಿಸುವುದು ಎನ್ನುತ್ತೇವೆ. ಒಂದು ಗಳಿಗೆ ಅವರು ಯಾವುದೋ ಗೋಡೆಯ ಮಾತಾಡುತ್ತಿದ್ದಾರೆ ಎಂದೇ ತಿಳಿದೆ. ಆಮೇಲೆ ತಲೆ ಆಡಿಸಿದೆ. ಎರಡು ದಿನ ಸುಮ್ಮನಿದ್ದದ್ದು ಹೆದರಿಕೆಯಿಂದ.

ಈ ದಿನ ಬೆಳಿಗ್ಗೆ 9 ಗಂಟೆಗೆ ಡಾಕ್ಟರು, ನಿಮ್ಮ ಮನೆಯವರ ಸೊಂಟದ ಕೆಳಗೆ ಸ್ಪರ್ಶ ತಿಳಿಯುತ್ತಿಲ್ಲ, ಮುಂದೂ ತಿಳಿಯುವುದು ಕಷ್ಟ ಎಂದು ತಿಳಿಸಿದರು. ಆದುದರಿಂದ ಮುಂದಿನದನ್ನೂ ಹೇಳುತ್ತಿದ್ದೇನೆ.

ನಾಲ್ಕು ತಿಂಗಳ ಹಿಂದೆ ನನ್ನ ತಂಡ ಹಳೇ ಅಂಚೆ ಕಚೇರಿ ಎದುರಿನ ಓಣಿಯ ಮೂರನೇ ಮನೆಯನ್ನು ಮುಗಿಸಿತು. ಅಲ್ಲಿಯ ತೊಲೆ ಇದಕ್ಕಿಂತ ಕಡೆ. ಅದನ್ನು ನನ್ನ ಈ ಎರಡು ಕೈಯಿಂದ ತುಂಬಿದ್ದೇನೆ. ಕೊಂಡವರು ಗಂಡ ಹೆಂಡತಿ ಇಬ್ಬರೇ, ಆ ಹೆಂಡತಿ ಆಗ ಐದು ತಿಂಗಳ ಬಸುರಿ. ಕೊನೆಯ ದಿನ ಅವಳು, ಇದರ ಕೆಳಗೇ ಮಂಚ ಹಾಕ್ಬೇಕು ಅಂತಿದೀವಿ, ಗಟ್ಟಿ ಇದ್ಯಾ ಅಣ್ಣ ಎಂದು ಕೇಳಿದಳು. ತೊಲೆಯ ನಡುಭಾಗ ಗಟ್ಟಿ ಇತ್ತು. ನಾನು ಏಣಿ ಹತ್ತಿ ಆ ನಡುಭಾಗವನ್ನೇ ಆರಿಸಿ ಮೂರು ಸಲ ತಟ್ಟಿ ತೋರಿಸಿದೆ. ಆನೆ ಕಟ್ಟಿದ್ರೂ ಏನಾಗಲ್ಲ ತಾಯಿ, ನಿಶ್ಚಿಂತೆಯಿಂದ ಮಲಗು ಎಂದೆ. ಅವಳು ನನಗೆ ಕುಡಿಯಲು ತಣ್ಣನೆಯ ನೀರು ಕೊಟ್ಟಳು. ಅವರ ಫೋನ್ ನಂಬರ್ ನನ್ನ ಹತ್ತಿರ ಇಲ್ಲ.

ಇದನ್ನು ಕೇಳಿ ಮುಖ್ಯ ಪೇದೆಯವರು ಬರೆಯುವುದನ್ನು ನಿಲ್ಲಿಸಿ, ಇಷ್ಟು ಹೊತ್ತು ನೀನು ದೂರು ಕೊಡೋನು, ಇದನ್ನ ಬರೆದ್ರೆ ಆರೋಪಿ ಆಗ್ತೀಯಾ, ಹೆಂಡತಿನ ಯಾರು ನೋಡ್ಕೋತಾರೆ, ಯೋಚನೆ ಮಾಡು ಎಂದರು. ಬರೆಯಿರಿ ಎಂದು ನಾನೇ ಹೇಳಿದ್ದೇನೆ. ಯಾರ ಒತ್ತಾಯವೂ ಇಲ್ಲ.

ಬರೆದದ್ದನ್ನು ನನ್ನ ಹೆಂಡತಿಯ ಮಂಚದ ಪಕ್ಕದಲ್ಲೇ ನನಗೆ ಓದಿ ಹೇಳಿದರು. ಅವಳು ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದೆ. ಓದಿ ಮುಗಿದ ಮೇಲೆ ಕಣ್ಣು ಬಿಟ್ಟು, ಆ ಹುಡುಗಿಗೆ ಈಗ ಒಂಬತ್ತು ತಿಂಗಳಲ್ವಾ ಎಂದಳು. ಹೌದು ಎಂದೆ. ಮತ್ತೆ ಇಲ್ಲೇನು ಕೂತಿದೀರಾ, ಎದ್ದು ಹೋಗ್ರೀ, ಅವಳನ್ನ ಅಲ್ಲಿಂದ ಎಬ್ಬಿಸ್ರೀ ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದೆ, ನಾನು ಬಲ್ಲಮಟ್ಟಿಗೆ ನಿಜ. ಪೊಲೀಸ್ ಜೀಪು ಕೆಳಗೆ ನಿಂತಿದೆ, ದಾರಿ ತೋರಿಸಲು ನಾನು ಹೋಗಬೇಕಾಗಿರುವುದರಿಂದ ನಿಂತುಕೊಂಡೇ ಸಹಿ ಮಾಡಿದ್ದೇನೆ.

ಸ್ಥಳ: ಆಸ್ಪತ್ರೆ, ಹೆಂಗಸರ ವಾರ್ಡು, ಎರಡನೇ ಮಹಡಿ
ದಿನಾಂಕ: 14, ಮಂಗಳವಾರ, ಬೆಳಿಗ್ಗೆ 11.40
(ಸಹಿ)